ಕೆಲಸ ಬಿಡದೆ ಆನ್‌ಲೈನ್ ಸ್ನಾತಕೋತ್ತರ ಪದವಿ: ಗಂಟೆ ಎಣಿಸುವುದರಿಂದ ಸರ್ಟಿಫಿಕೇಟ್ ಕೈಗೆ ಬರುವ ತನಕ

“ಕೆಲಸಕ್ಕೆ ಹೋಗುತ್ತಾ ಎಂ.ಎ. ಮಾಡಬಹುದಾ? ದಿನಕ್ಕೆ ಎಷ್ಟು ಹೊತ್ತು ಓದಬೇಕು? ಅರ್ಧಕ್ಕೆ ಬಿಟ್ಟಿದ್ದೇನೆ, ಮತ್ತೆ ಶುರು ಮಾಡಬಹುದಾ?” ಈ ಮೂರು ಪ್ರಶ್ನೆ ನನಗೆ ಬರದ ತಿಂಗಳೇ ಇಲ್ಲ. ಕೇಳುವವರಲ್ಲಿ ಶಾಲಾ ಶಿಕ್ಷಕರಿದ್ದಾರೆ, ಬ್ಯಾಂಕಿನವರಿದ್ದಾರೆ, ನರ್ಸ್‌ಗಳಿದ್ದಾರೆ, ಪಂಚಾಯಿತಿ ಕಚೇರಿಯವರಿದ್ದಾರೆ, ಐಟಿ ಕಂಪನಿಯಲ್ಲಿ ರಾತ್ರಿ ಪಾಳಿ ಮಾಡುವವರೂ ಇದ್ದಾರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆದಿದ್ದೇನೆ.

ಮಾಡಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ನೋಡಿದಂತೆ, ಪಾಠ ತಲೆಗೆ ಹತ್ತದೆ ಬಿಟ್ಟವರು ಕಡಿಮೆ. ವಾರಕ್ಕೆ ಎಂಟು ಗಂಟೆ ಬಿಡುವಿರುವವರು ಹದಿನೆಂಟು ಗಂಟೆಯ ಹೊರೆ ಹೊತ್ತು, ಆರು ತಿಂಗಳಿಗೆ ಸುಸ್ತಾಗಿ, ‘ನನ್ನ ಕೈಲಿ ಆಗಲ್ಲ’ ಎಂದು ಕೈಬಿಟ್ಟಿದ್ದೇ ಜಾಸ್ತಿ. ಅವರಿಗೆ ಓದುವ ಶಕ್ತಿ ಇತ್ತು, ಲೆಕ್ಕ ಹಾಕಿರಲಿಲ್ಲ ಅಷ್ಟೇ. ಹಾಗಾಗಿ ಇಲ್ಲಿ ಗಂಟೆಯ ಲೆಕ್ಕಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಮುಖ್ಯವಾಗಿ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವನ್ನು ಇಟ್ಟುಕೊಂಡಿದ್ದೇನೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾತೂ ಅಲ್ಲಲ್ಲಿ ಬರುತ್ತದೆ. ಬೇರೆ ಕಡೆ ಸೇರಿದವರಿಗೆ ತಾರೀಖು, ಫೀಸು ಬೇರೆ ಇರಬಹುದು. ಓದುವ ಕ್ರಮ ಒಂದೇ.

1. ಕೋರ್ಸಿಗೆ ಮಾನ್ಯತೆ ಇದೆಯಾ ನೋಡಿ

ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳನ್ನು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ದೂರಶಿಕ್ಷಣ ಬ್ಯೂರೋ ನೋಡಿಕೊಳ್ಳುತ್ತದೆ. ಚುಟುಕಾಗಿ ಡೆಬ್ ಅನ್ನುತ್ತಾರೆ. ಯಾವ ವಿಶ್ವವಿದ್ಯಾಲಯ ಯಾವ ವರ್ಷ ಯಾವ ಕೋರ್ಸ್ ನಡೆಸಬಹುದು ಎಂಬ ಪಟ್ಟಿ ಅದರ ಜಾಲತಾಣದಲ್ಲಿ ಇರುತ್ತದೆ. ನೀವು ನೋಡಬೇಕಾದ್ದು ಮೂರು: ವಿಶ್ವವಿದ್ಯಾಲಯದ ಹೆಸರು, ನಿಮ್ಮ ಕೋರ್ಸಿನ ಹೆಸರು, ನೀವು ಸೇರುವ ವರ್ಷ. ಮೂರೂ ಒಂದೇ ಸಾಲಿನಲ್ಲಿ ಕಾಣಬೇಕು. ವಿಶ್ವವಿದ್ಯಾಲಯದ ಹೆಸರು ದೊಡ್ಡದು ಎಂದು ಸುಮ್ನೆ ನಂಬಬೇಡಿ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡು ನೆನಪಿರುವವರಿಗೆ ಈ ಹಂತ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಪದವಿಗಳನ್ನೂ ಪಿಎಚ್.ಡಿ.ಯನ್ನೂ ದೂರಶಿಕ್ಷಣದಲ್ಲಾಗಲೀ ಆನ್‌ಲೈನ್‌ನಲ್ಲಾಗಲೀ ಕೊಡುವಂತಿಲ್ಲ. ಯಾರಾದರೂ ಕೊಡುತ್ತೇವೆ ಎಂದರೆ ದುಡ್ಡು ಕಟ್ಟಬೇಡಿ. ಆದರೆ ಮಾನ್ಯತೆ ಇರುವ ಎಂ.ಎ., ಎಂ.ಕಾಂ., ಎಂ.ಬಿ.ಎ., ಎಂ.ಸಿ.ಎ.ಯಂಥ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಸೇರುವ ಮೊದಲು ಎರಡು ನಂಬರ್ ಮಾಡಿಸಿಕೊಳ್ಳಬೇಕು. ಒಂದು ಎಬಿಸಿ ಐಡಿ. ನೀವು ಗಳಿಸುವ ಕ್ರೆಡಿಟ್‌ಗಳನ್ನು (ಏನೆಂದು ಮುಂದೆ ಹೇಳುತ್ತೇನೆ) ಜಮಾ ಇಡುವ ಖಾತೆಯ ಸಂಖ್ಯೆ ಅದು, ಡಿಜಿಲಾಕರ್ ಮೂಲಕ ಸಿಗುತ್ತದೆ. ಇನ್ನೊಂದು ಡೆಬ್ ಐಡಿ, ಅಂದರೆ ಮೇಲೆ ಹೇಳಿದ ಬ್ಯೂರೋದ ಗುರುತಿನ ಸಂಖ್ಯೆ. 2024ರಿಂದ ಇದು ಕಡ್ಡಾಯ. ಆಧಾರ್‌ನಲ್ಲಿ, ಡಿಗ್ರಿ ಅಂಕಪಟ್ಟಿಯಲ್ಲಿ ನಿಮ್ಮ ಹೆಸರು ಒಂದೇ ರೀತಿ ಇದೆಯಾ ಎಂದು ಈಗಲೇ ನೋಡಿ. ಇನಿಷಿಯಲ್ ಮುಂದೆ ಹಿಂದೆ ಆಗಿರುವುದು ನಮ್ಮ ಕಡೆ ಬಹಳ ಸಾಮಾನ್ಯ. ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳಿಗೂ ಇಲ್ಲೇ ತಡೆ ಬರುತ್ತದೆ. ಫಾರಂ ತುಂಬುವ ಕೊನೆಯ ದಿನ ಇದನ್ನು ಸರಿಮಾಡಲು ಆಗುವುದಿಲ್ಲ.

ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪತ್ರವನ್ನು ಸೇರುವ ಮೊದಲೇ ತೆಗೆದುಕೊಳ್ಳಿ. ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ದಾಖಲು ಮಾಡಿಸುವಾಗ ಕೇಳುವುದು ಅದನ್ನೇ.

2. ನಿಮ್ಮ ವಾರದಲ್ಲಿ ಎಷ್ಟು ಗಂಟೆ ಇದೆ ಎಣಿಸಿ

ಕ್ರೆಡಿಟ್ ಎಂಬ ಪದ ಎಲ್ಲ ಕಡೆ ಕಾಣುತ್ತದೆ. ಹೆಚ್ಚಿನವರು ಅದನ್ನು ಅಂಕ ಎಂದುಕೊಂಡಿದ್ದಾರೆ. ಅದು ಶ್ರಮದ ಅಳತೆ. ಯುಜಿಸಿ ನಿಯಮದಲ್ಲಿ ದೂರಶಿಕ್ಷಣದ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಪುಸ್ತಕ ಓದುವುದು, ವಿಡಿಯೊ ನೋಡುವುದು, ಕ್ಲಾಸಿಗೆ ಹೋಗುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಇದರಲ್ಲೇ ಬಂತು.

64 ಕ್ರೆಡಿಟ್‌ನ ಎರಡು ವರ್ಷದ ಎಂ.ಎ. ತೆಗೆದುಕೊಳ್ಳಿ. 64ನ್ನು 30ರಿಂದ ಗುಣಿಸಿದರೆ 1,920 ಗಂಟೆ. ಎರಡು ವರ್ಷಕ್ಕೆ 104 ವಾರ. ಹಬ್ಬ, ಮದುವೆ, ಜ್ವರ ಯಾವುದನ್ನೂ ಕಳೆಯದೆ ಹಂಚಿದರೂ ವಾರಕ್ಕೆ 18 ಗಂಟೆಗಿಂತ ಜಾಸ್ತಿ ಆಯಿತು. ಆದರೆ ಇಗ್ನೋದಲ್ಲಿ ಎರಡು ವರ್ಷದ ಎಂ.ಎ. ಮುಗಿಸಲು ನಾಲ್ಕು ವರ್ಷದ ತನಕ ಅವಕಾಶ ಇದೆ. ನಾಲ್ಕು ವರ್ಷಕ್ಕೆ ಹಂಚಿದರೆ ವಾರಕ್ಕೆ ಒಂಬತ್ತು ಗಂಟೆಯ ಮೇಲೆ ಸ್ವಲ್ಪ. ಹದಿನೆಂಟಕ್ಕೂ ಒಂಬತ್ತಕ್ಕೂ ಎಷ್ಟು ವ್ಯತ್ಯಾಸ ನೋಡಿ! ಕೆಲಸ ಮಾಡುವ ಮನುಷ್ಯನಿಗೆ ಮೊದಲನೆಯದು ಉಸಿರು ಕಟ್ಟಿಸುತ್ತದೆ, ಎರಡನೆಯದನ್ನು ನಿಭಾಯಿಸಬಹುದು.

ಈಗ ನಿಮ್ಮ ಗಂಟೆ. ಸೇರುವ ಮೊದಲು ಒಂದು ವಾರ ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಎದ್ದಿದ್ದು, ಬಸ್ಸಿನಲ್ಲಿ ಕೂತಿದ್ದು, ಅಡುಗೆ, ಆಫೀಸು, ಮಕ್ಕಳ ಹೋಂವರ್ಕ್, ಫೋನ್ ನೋಡಿದ್ದು, ಎಲ್ಲ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ಹಾಗಾಗಿ ನಿಜವನ್ನೇ ಬರೆಯಿರಿ. ಅದರಲ್ಲಿ ಓದಿಗೆ ಸಿಗುವ ಗಂಟೆಗೆ ಗೆರೆ ಎಳೆಯಿರಿ.

ಉದಾಹರಣೆಗೆ ಒಬ್ಬ ಪ್ರೌಢಶಾಲಾ ಶಿಕ್ಷಕಿ ಎಂದುಕೊಳ್ಳಿ. ಐದು ದಿನ ಬೆಳಿಗ್ಗೆ ಐದೂವರೆಯಿಂದ ಆರೂಮುಕ್ಕಾಲರ ತನಕ, ಆರೂಕಾಲು ಗಂಟೆ ಆಯಿತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆ. ಭಾನುವಾರ ಮೂರು ಗಂಟೆ. ಒಟ್ಟು 11 ಗಂಟೆ 15 ನಿಮಿಷ. ಇದರಲ್ಲಿ ಕಾಲುಭಾಗ ಕಳೆಯಿರಿ. ನೆಂಟರು ಬರುತ್ತಾರೆ, ಮಗುವಿಗೆ ಜ್ವರ ಬರುತ್ತದೆ, ಚುನಾವಣಾ ಕೆಲಸ ಬೀಳುತ್ತದೆ. ಉಳಿದದ್ದು ಸುಮಾರು ಎಂಟೂವರೆ ಗಂಟೆ. ಈ ಎಂಟೂವರೆಯನ್ನೇ ನಂಬಿ ಲೆಕ್ಕ ಹಾಕಬೇಕು.

8 ಕ್ರೆಡಿಟ್‌ನ ಒಂದು ಪತ್ರಿಕೆಗೆ 240 ಗಂಟೆ. ವಾರಕ್ಕೆ ಎಂಟೂವರೆ ಗಂಟೆ ಸಿಕ್ಕರೆ 28 ವಾರ ಬೇಕು. ಅಂದರೆ ಈ ಶಿಕ್ಷಕಿ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಪತ್ರಿಕೆ ಚೆನ್ನಾಗಿ ಬರೆಯಬಹುದು. ಆ ವರ್ಷದ ನಾಲ್ಕು ಪತ್ರಿಕೆಯನ್ನೂ ಬರೆಯಲು ಹೋದರೆ ನಾಲ್ಕರಲ್ಲೂ ಅರೆಬರೆ. ನಿಮಗೆ ಮೊದಲೇ ಗೊತ್ತಿರುವ ವಿಷಯವಾದರೆ ಕಡಿಮೆ ಗಂಟೆ ಸಾಕಾಗುತ್ತದೆ. ಬಿ.ಎ.ಯಲ್ಲಿ ಇತಿಹಾಸ ಓದಿದವರಿಗೆ ಎಂ.ಎ. ಇತಿಹಾಸ ಹಗುರ. ಬಿ.ಎಸ್ಸಿ. ಮಾಡಿ ಎಂ.ಎ. ಅರ್ಥಶಾಸ್ತ್ರಕ್ಕೆ ಬಂದವರು ಪೂರ್ತಿ ಗಂಟೆ ಹಿಡಿದುಕೊಳ್ಳಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಇಗ್ನೋದ ವಾರ್ಷಿಕ ಕೋರ್ಸುಗಳಲ್ಲಿ ನೀವು ಆ ವರ್ಷದ ಎಲ್ಲ ಪತ್ರಿಕೆಗೂ ಒಟ್ಟಿಗೆ ಹೆಸರು ನೋಂದಾಯಿಸಿ ಫೀಸು ಕಟ್ಟುತ್ತೀರಿ. ಆದರೆ ಪರೀಕ್ಷೆಯ ಫಾರಂನಲ್ಲಿ ತಯಾರಾದ ಪತ್ರಿಕೆಗಳನ್ನು ಮಾತ್ರ ತುಂಬಬಹುದು. ಉಳಿದವು ಮುಂದಿನ ಪರೀಕ್ಷೆಗೆ, ಆರು ತಿಂಗಳ ಮೇಲೆ. ಅದು ಫೇಲ್ ಆದ ಹಾಗಲ್ಲ. ಖಾಸಗಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂ.ಬಿ.ಎ.ಗಳಲ್ಲಿ ಇಷ್ಟು ಸಡಿಲ ಇರದೇ ಹೋಗಬಹುದು. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: “ಗರಿಷ್ಠ ಎಷ್ಟು ವರ್ಷದಲ್ಲಿ ಮುಗಿಸಬಹುದು? ಒಂದು ಸೆಮಿಸ್ಟರ್‌ನಲ್ಲಿ ಕಡಿಮೆ ಪತ್ರಿಕೆ ಬರೆದರೆ ಏನಾಗುತ್ತದೆ?” ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ಆಧಾರ ಇರುವುದಿಲ್ಲ.

3. ವರ್ಷದ ಕ್ಯಾಲೆಂಡರ್ ಗೋಡೆಗೆ ಹಾಕಿ

ಫೋನಿನ ರಿಮೈಂಡರ್ ಸಾಲದು. ಮನೆಯವರಿಗೂ ಕಾಣುವ ಹಾಗೆ ಅಡುಗೆಮನೆಯ ಕ್ಯಾಲೆಂಡರ್‌ನಲ್ಲೇ ಗುರುತು ಮಾಡಿ.

ಇಗ್ನೋದಲ್ಲಿ ಸೇರ್ಪಡೆ ಜನವರಿ ಮತ್ತು ಜುಲೈ ಸರದಿಯಲ್ಲಿ. ಅವಧಿಯ ಕೊನೆಯ ಪರೀಕ್ಷೆಗೆ ಟಿಇಇ (ಟರ್ಮ್ ಎಂಡ್ ಎಕ್ಸಾಮಿನೇಷನ್) ಎನ್ನುತ್ತಾರೆ, ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ಅದರ ಪುಸ್ತಿಕೆಯಲ್ಲೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಜೂನ್ ಪರೀಕ್ಷೆಗೆ ಮಾರ್ಚ್–ಏಪ್ರಿಲ್, ಡಿಸೆಂಬರ್ ಪರೀಕ್ಷೆಗೆ ಸೆಪ್ಟೆಂಬರ್–ಅಕ್ಟೋಬರ್.

ಈ ತಿಂಗಳುಗಳನ್ನು ಇನ್ನೊಮ್ಮೆ ನೋಡಿ. ಮಾರ್ಚ್ ಅಂದರೆ ಬ್ಯಾಂಕು, ಲೆಕ್ಕಪತ್ರ, ಖಜಾನೆಯವರಿಗೆ ವರ್ಷದ ಕೊನೆ. ಶಿಕ್ಷಕರಿಗೆ ಪರೀಕ್ಷೆ, ಮೌಲ್ಯಮಾಪನ. ಅಕ್ಟೋಬರ್ ಅಂದರೆ ದಸರಾ, ಹಿಂದೆಯೇ ದೀಪಾವಳಿ. ಜೂನ್ ಅಂದರೆ ಮಕ್ಕಳ ಶಾಲೆ ಶುರು, ಮಲೆನಾಡು ಕರಾವಳಿಯಲ್ಲಿ ಮಳೆ ಹಿಡಿದು ಕರೆಂಟು ನೆಟ್‌ವರ್ಕ್ ಎರಡೂ ಕೈಕೊಡುವ ಕಾಲ. ನಿಮ್ಮ ಓದಿನ ಒತ್ತಡ ಮತ್ತು ಕೆಲಸದ ಒತ್ತಡ ಒಂದೇ ತಿಂಗಳಿಗೆ ಬೀಳುತ್ತವೆ ಎಂದು ಮೊದಲೇ ಗೊತ್ತಾಯಿತಲ್ವಾ? ಹಾಗಾದರೆ ಬ್ಯಾಂಕಿನವರು ಫೆಬ್ರವರಿ 15ರೊಳಗೆ ಅಸೈನ್‌ಮೆಂಟ್ ಮುಗಿಸಬೇಕು. ಶಿಕ್ಷಕರು ದಸರಾ ರಜೆಯನ್ನು ಓದಿಗೆ ಇಟ್ಟುಕೊಳ್ಳಬಹುದು.

ತಪ್ಪುವ ತಾರೀಖುಗಳು ಮುಖ್ಯವಾಗಿ ಎರಡು. ಮೊದಲನೆಯದು ಪರೀಕ್ಷೆಯ ಫಾರಂ. ಕೋರ್ಸಿನ ಫೀಸು ಕಟ್ಟಿದರೆ ಪರೀಕ್ಷೆ ತಾನಾಗಿ ಬರುತ್ತದೆ ಎಂದುಕೊಂಡವರು ಎಷ್ಟೋ ಜನ. ಪ್ರತಿ ಪರೀಕ್ಷೆಗೂ ಬೇರೆ ಫಾರಂ ತುಂಬಿ, ಪತ್ರಿಕೆಗೆ ಇಷ್ಟು ಎಂದು ಬೇರೆ ಫೀಸು ಕಟ್ಟಬೇಕು. ಎರಡನೆಯದು ರೀ-ರಿಜಿಸ್ಟ್ರೇಷನ್, ಅಂದರೆ ಎರಡನೇ ವರ್ಷಕ್ಕೆ ಹೆಸರು ನೋಂದಾಯಿಸುವುದು. ಮೊದಲ ವರ್ಷದ ಪರೀಕ್ಷೆ ಪಾಸಾಗಿರಲಿ, ಬರೆಯದೇ ಇರಲಿ, ಇದನ್ನು ಮಾಡಲೇಬೇಕು. ನಾನು ಎಂ.ಎ. ಮಾಡುವಾಗ ಫಲಿತಾಂಶ ಬರಲಿ ಎಂದು ಕಾದು ಈ ತಾರೀಖು ತಪ್ಪಿಸಿಕೊಂಡೆ. ಆರು ತಿಂಗಳು ಸುಮ್ಮನೆ ಹೋಯಿತು. ತಾರೀಖನ್ನು ಮುಂದೂಡುತ್ತಾರೆ ಎಂಬ ಮಾತು ಗುಂಪುಗಳಲ್ಲಿ ಯಾವಾಗಲೂ ಓಡಾಡುತ್ತಿರುತ್ತದೆ. ಎಷ್ಟೋ ಸಲ ಮುಂದೂಡುವುದೂ ಉಂಟು. ಅದನ್ನು ನಂಬಿ ಕೂರಬೇಡಿ.

ಜುಲೈನಲ್ಲಿ ವಾರ್ಷಿಕ ಕೋರ್ಸಿಗೆ ಸೇರಿದವರಿಗೆ ಇನ್ನೊಂದು ಮಾತು. ನಿಮ್ಮ ಮೊದಲ ಪರೀಕ್ಷೆ ಮುಂದಿನ ಜೂನ್‌ಗೆ. ಹನ್ನೊಂದು ತಿಂಗಳು ಇದೆ ಎಂದು ಪುಸ್ತಕ ಕಪಾಟಿಗೆ ಸೇರುತ್ತದೆ, ಸಂಕ್ರಾಂತಿ ಕಳೆದ ಮೇಲೆ ನೆನಪಾಗುತ್ತದೆ. ಸೇರಿದ ವಾರವೇ ಮೊದಲ ಘಟಕ ಓದಿ. ಪುಸ್ತಕ ಅಂಚೆಯಲ್ಲಿ ಬರಲಿ ಎಂದು ಕಾಯಬೇಡಿ. ಇಗ್ನೋದ ಪಠ್ಯಗಳು ಇ-ಜ್ಞಾನಕೋಶ ಎಂಬ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ.

4. ವಾರದ ಓದು ಹೀಗೆ ಮಾಡಿ

ಇಗ್ನೋ ಪುಸ್ತಕದ ಕಟ್ಟು ಹೀಗಿರುತ್ತದೆ: ಒಂದು ಪತ್ರಿಕೆಯಲ್ಲಿ ಕೆಲವು ಬ್ಲಾಕ್, ಒಂದು ಬ್ಲಾಕ್‌ನಲ್ಲಿ ಕೆಲವು ಘಟಕ. ಘಟಕ ಅಂದರೆ ಒಂದು ಪಾಠ. ವಾರಕ್ಕೆ ಇಷ್ಟು ಘಟಕ ಎಂದು ಗುರಿ ಇಡಿ. ‘ದಿನಾ ಎರಡು ಗಂಟೆ ಓದುತ್ತೇನೆ’ ಎಂಬ ಗುರಿ ಮೊದಲ ವಾರದಲ್ಲೇ ಮುರಿಯುತ್ತದೆ. ವಾರದ ಗುರಿಯಾದರೆ ಮಂಗಳವಾರ ತಪ್ಪಿದ್ದನ್ನು ಭಾನುವಾರ ತುಂಬಬಹುದು.

ಘಟಕವನ್ನು ಮೊದಲ ಸಾಲಿನಿಂದ ಓದಲು ಹೋಗಬೇಡಿ. ಮೊದಲು ಕೊನೆಯ ಪ್ರಶ್ನೆಗಳನ್ನು ನೋಡಿ. ಆಮೇಲೆ ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ. ಆಮೇಲೆ ಪೂರ್ತಿ ಓದಿ. ಓದಿದ ಮೇಲೆ ಪುಸ್ತಕ ಮುಚ್ಚಿ. ಒಂದು ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಿರಿ. ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ.

ಪುಸ್ತಕ ಮುಚ್ಚಿ ಬರೆಯುವ ಈ ಹತ್ತು ನಿಮಿಷವೇ ಎಲ್ಲರೂ ಬಿಡುವ ಭಾಗ. ದಯವಿಟ್ಟು ಬಿಡಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಚೆನ್ನಾಗಿ ಮುಂದೆ ಹೋಗಿದ್ದರು. ನಿಮ್ಮ ಪರೀಕ್ಷೆ ಐದು ನಿಮಿಷ ಬಿಟ್ಟು ಇರುವುದಿಲ್ಲ, ಏಳೆಂಟು ತಿಂಗಳ ಆಚೆ ಇದೆ. ಸಮಯ ಕಡಿಮೆ ಇರುವವರಿಗಂತೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬರೆದ ಹಾಳೆಯನ್ನು ಮಾರನೇ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ಮತ್ತೆ ತೆಗೆಯಿರಿ. ಪ್ರತಿ ಸಲವೂ ಮೊದಲು ನೆನಪಿಸಿಕೊಳ್ಳಿ, ಆಮೇಲೆ ನೋಡಿ. ಬಸ್ಸು, ಮೆಟ್ರೊ, ರೈಲಿನ ಸಮಯಕ್ಕೆ ಈ ಕೆಲಸ ಸರಿಯಾಗಿ ಹೊಂದುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವವರು ರೈಲಿನಲ್ಲಿ ಹೊಸ ಪಾಠ ಓದಲು ಒದ್ದಾಡುವ ಬದಲು ಹಳೆಯ ಹಾಳೆ ತಿರುವಬಹುದು. ಹಾಳೆಯ ಫೋಟೊ ಫೋನಿನಲ್ಲಿ ಇದ್ದರೆ ಸಾಕು.

ವಿಡಿಯೊ ಪಾಠಗಳ ಬಗ್ಗೆ ಎಚ್ಚರ. ಆನ್‌ಲೈನ್ ಕೋರ್ಸಿನಲ್ಲಿ ನಾಲ್ಕು ಭಾಗ ಇರಬೇಕು ಎಂಬುದು ನಿಯಮ: ವಿಡಿಯೊ, ಓದುವ ಪಠ್ಯ, ಚರ್ಚೆಯ ಜಾಗ, ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ಕ್ವಾಡ್ರಂಟ್ ಎಂದು ಕರೆಯುವುದು ಈ ನಾಲ್ಕನ್ನೇ. ದಣಿದು ಬಂದವರು ಸಹಜವಾಗಿ ವಿಡಿಯೊ ಒತ್ತುತ್ತಾರೆ. ಒಂದೂವರೆ ಪಟ್ಟು ವೇಗದಲ್ಲಿ ಮೂರು ಪಾಠ ಮುಗಿಯುತ್ತದೆ, ‘ಪೂರ್ಣ’ ಎಂಬ ಹಸಿರು ಗುರುತೂ ಬೀಳುತ್ತದೆ. ಮಾರನೇ ದಿನ ಕೇಳಿದರೆ ಒಂದು ವಾಕ್ಯ ಬಾಯಿಗೆ ಬರುವುದಿಲ್ಲ. ಅರ್ಧ ಗಂಟೆ ವಿಡಿಯೊ ನೋಡಿದರೆ ಅರ್ಧ ಗಂಟೆ ಬರೆಯಲು ಇಡಿ.

ದಣಿದ ಹೊತ್ತು ಮತ್ತು ತಾಜಾ ಹೊತ್ತು ಎರಡನ್ನೂ ಬೇರೆ ಮಾಡಿ. ತಾಜಾ ಹೊತ್ತಿನಲ್ಲಿ ಹೊಸ ಘಟಕ, ಕಷ್ಟದ ಲೆಕ್ಕ. ರಾತ್ರಿ ಊಟವಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಜೋಡಿಸುವುದು, ಪದಗಳ ಪಟ್ಟಿ ಬರೆಯುವುದು, ಡೌನ್‌ಲೋಡ್ ಮಾಡುವುದು. ರಾತ್ರಿ ಪಾಳಿಯವರಿಗೆ ತಾಜಾ ಹೊತ್ತು ಅಂದರೆ ನಿದ್ದೆ ಮಾಡಿ ಎದ್ದ ಮಧ್ಯಾಹ್ನ. ‘ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿ’ ಎಂಬ ಉಪದೇಶ ಅವರಿಗಲ್ಲ. ನಿದ್ದೆ ಕಡಿತ ಮಾಡಿ ಓದುವುದು ಬೇಡವೇ ಬೇಡ, ನಿದ್ದೆಗೆಟ್ಟವರಿಗೆ ಓದಿದ್ದು ನಿಲ್ಲುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ

ಇದನ್ನು ಬೇರೆಯಾಗಿಯೇ ಬರೆಯಬೇಕು. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯುವ ಆಸೆ ಇದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವನ್ನು ಮೊದಲು ನೋಡಿ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದಂಥ ವಿಷಯಗಳಿಗೆ ಅಲ್ಲಿ ಕನ್ನಡದ ಪಠ್ಯಗಳಿವೆ. ಇಗ್ನೋದಲ್ಲಿ ಹೆಚ್ಚಿನ ಎಂ.ಎ.ಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ನೀವು ಇಂಗ್ಲಿಷಿನ ಕೋರ್ಸ್ ಸೇರಿದ್ದರೆ ಹೆದರಬೇಡಿ, ಆದರೆ ಓದುವ ರೀತಿ ಬದಲಿಸಿ.

ವಿಷಯವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ಅರ್ಥಶಾಸ್ತ್ರದ ‘ಮಾರ್ಜಿನಲ್ ಯುಟಿಲಿಟಿ’ ಎಂಬ ಮಾತು ಬಂತು ಎಂದುಕೊಳ್ಳಿ. ನಮ್ಮ ಪಿಯುಸಿ ಪುಸ್ತಕದಲ್ಲಿ ಇದು ಸೀಮಾಂತ ತುಷ್ಟಿಗುಣ. ಎರಡು ಹೆಸರೂ ಭಾರವೇ. ಬಿಸಿಲಿನಲ್ಲಿ ಬಂದವರಿಗೆ ಮೊದಲ ಲೋಟ ಮಜ್ಜಿಗೆ ಅಮೃತ, ಎರಡನೆಯದು ಚೆನ್ನ, ನಾಲ್ಕನೆಯದು ಬೇಡ. ಒಂದೊಂದು ಲೋಟ ಜಾಸ್ತಿ ಆದಾಗ ಸಿಗುವ ಹೆಚ್ಚುವರಿ ತೃಪ್ತಿಯೇ ಈ ಪದದ ಅರ್ಥ. ಇಷ್ಟು ಮನಸ್ಸಿಗೆ ಬಂದ ಮೇಲೆ ಇಂಗ್ಲಿಷಿನ ಪ್ಯಾರಾ ಓದಿ, ಬಹಳ ಸಲೀಸಾಗಿರುತ್ತದೆ. ಬುಡ ಗಟ್ಟಿ ಮಾಡಿಕೊಳ್ಳಲು ದ್ವಿತೀಯ ಪಿಯುಸಿಯ ಕನ್ನಡ ಪುಸ್ತಕಗಳಷ್ಟು ಉಪಕಾರಿ ಬೇರೆ ಇಲ್ಲ. ಎಂ.ಎ. ಮಾಡುವವರು ಪಿಯುಸಿ ಪುಸ್ತಕ ಹಿಡಿಯುವುದಕ್ಕೆ ನಾಚಿಕೆ ಏಕೆ?

ಒಂದು ಪದಗಳ ನೋಟ್‌ಬುಕ್ ಇಡಿ. ಪುಟದಲ್ಲಿ ಮೂರು ಕಾಲಂ: ಇಂಗ್ಲಿಷ್ ಪದ, ಕನ್ನಡ ಪದ, ನಿಮ್ಮದೇ ಉದಾಹರಣೆ. ಘಟಕಕ್ಕೆ ಹತ್ತು ಪದ ಸಾಕು. ಆಮೇಲೆ ಆ ಹತ್ತು ಪದ ಬಳಸಿ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಬರೆಯಿರಿ. ಉದ್ದ ವಾಕ್ಯ ಬರೆದರೆ ಜಾಸ್ತಿ ಅಂಕ ಎಂಬುದು ತಪ್ಪು. ಸಣ್ಣ ವಾಕ್ಯದಲ್ಲಿ ಸರಿಯಾದ ವಿಷಯ ಇದ್ದರೆ ಓದುವವರಿಗೂ ಸುಲಭ.

5. ಅಸೈನ್‌ಮೆಂಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಇಗ್ನೋದ ಹೆಚ್ಚಿನ ಪತ್ರಿಕೆಗಳಲ್ಲಿ ಅಸೈನ್‌ಮೆಂಟ್‌ಗೆ 30 ಭಾಗ, ಪರೀಕ್ಷೆಗೆ 70 ಭಾಗ. ಫಸ್ಟ್ ಕ್ಲಾಸ್, ಅಂದರೆ 60 ಬೇಕು ಎಂದುಕೊಳ್ಳಿ. ಅಸೈನ್‌ಮೆಂಟ್‌ನಲ್ಲಿ 80 ಬಂದರೆ ಪರೀಕ್ಷೆಯಲ್ಲಿ 52 ಸಾಕು. ಅಸೈನ್‌ಮೆಂಟ್‌ನಲ್ಲಿ 50 ಬಂದರೆ ಪರೀಕ್ಷೆಯಲ್ಲಿ 65 ಬೇಕು. ಮನೆಯಲ್ಲಿ, ಪುಸ್ತಕ ಪಕ್ಕದಲ್ಲಿಟ್ಟು, ನಿಮ್ಮ ಸಮಯಕ್ಕೆ ಬರೆಯುವ ಭಾಗ ಅದು. ಅಲ್ಲಿ ಬಿಟ್ಟುಕೊಟ್ಟ ಅಂಕವನ್ನು ಮೂರು ಗಂಟೆಯ ಪರೀಕ್ಷೆಯಲ್ಲಿ ಹುಡುಕುವುದು ಕಷ್ಟ.

ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಒಂದರಲ್ಲಿ ಪಾಸಾದರೆ ಅದು ಉಳಿದುಕೊಳ್ಳುತ್ತದೆ, ಫೇಲಾದದ್ದನ್ನು ಮಾತ್ರ ಮತ್ತೆ ಮಾಡಬೇಕು.

ಪ್ರಶ್ನೆಗಳು ವರ್ಷ ವರ್ಷ ಬದಲಾಗುತ್ತವೆ. ಹಳೆಯ ಪ್ರಶ್ನೆಗೆ ಎಷ್ಟು ಚೆನ್ನಾಗಿ ಉತ್ತರ ಬರೆದರೂ ಪ್ರಯೋಜನವಿಲ್ಲ. ಪುಸ್ತಿಕೆಯ ಮೇಲೆ ನಿಮ್ಮ ಸರದಿ ಇದೆಯಾ ನೋಡಿಯೇ ಶುರು ಮಾಡಿ.

ಬರೆದಿಟ್ಟ ಉತ್ತರಗಳನ್ನು ಮಾರುವವರು ಎಲ್ಲ ಊರಲ್ಲೂ ಇದ್ದಾರೆ. ಈಗ ಎಐ ಕೇಳಿದರೆ ಅರ್ಧ ನಿಮಿಷದಲ್ಲಿ ಉತ್ತರ ಕೊಡುತ್ತದೆ. ಎರಡರಿಂದಲೂ ದೂರ ಇರಿ ಎನ್ನುತ್ತೇನೆ. ಒಂದೇ ಉತ್ತರ ಹತ್ತು ಜನರಿಂದ ಬಂದರೆ ತಿರಸ್ಕಾರವಾಗಬಹುದು, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ. ಅಸೈನ್‌ಮೆಂಟ್ ಪ್ರಶ್ನೆಗಳ ಜಾಡಿನಲ್ಲೇ ಪರೀಕ್ಷೆಯ ಪ್ರಶ್ನೆಗಳೂ ಇರುತ್ತವೆ. ಅಲ್ಲಿ ಬೇರೆಯವರು ಬರೆದುಕೊಟ್ಟರೆ ಇಲ್ಲಿ ನಿಮ್ಮ ಕೈ ಓಡುವುದಿಲ್ಲ. ಎಐಯನ್ನು ಅರ್ಥವಾಗದ ಪ್ಯಾರಾ ಬಿಡಿಸಿ ಹೇಳಿಸಿಕೊಳ್ಳಲು ಬಳಸಿ. ಅದು ಹೇಳಿದ ಇಸವಿ, ಹೆಸರುಗಳನ್ನು ಪುಸ್ತಕದಲ್ಲಿ ತಾಳೆ ನೋಡಿ. ಉತ್ತರ ಮಾತ್ರ ನೀವೇ ಬರೆಯಿರಿ.

ಪ್ರತಿ ವಾರ ಬರೆದಿಟ್ಟ ಹಾಳೆಗಳು ಇದ್ದರೆ ಅಸೈನ್‌ಮೆಂಟ್‌ಗೆ ಮುಕ್ಕಾಲು ಕೆಲಸ ಆದಂತೆಯೇ. ಕೊಡುವ ಮೊದಲು ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ರಶೀದಿಯಾಗಲೀ, ಅಪ್‌ಲೋಡ್ ಆಯಿತು ಎಂಬ ಮೆಸೇಜ್ ಆಗಲೀ ಜೋಪಾನ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

6. ಮನೆ ಮತ್ತು ಆಫೀಸು

ಮನೆಯವರಿಗೆ ‘ಓದಬೇಕು, ಸಹಕಾರ ಕೊಡಿ’ ಎಂದರೆ ಅವರಿಗೆ ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ಗಂಟೆ ಹೇಳಿ. “ಭಾನುವಾರ ಒಂಬತ್ತರಿಂದ ಹನ್ನೆರಡರ ತನಕ ನಾನು ಇಲ್ಲ ಎಂದುಕೊಳ್ಳಿ, ಅಡುಗೆ ನೀವು ನೋಡಿಕೊಳ್ಳಿ” ಎಂದು ನೇರವಾಗಿ ಕೇಳಿ. ಹೆಣ್ಣುಮಕ್ಕಳಿಗೆ ಇದು ಬಾಯಿಬಿಟ್ಟು ಕೇಳಲು ಕಷ್ಟ ಎಂದು ಗೊತ್ತು. ಎಲ್ಲ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ತೆಗೆಯುತ್ತಾರೆ. ಅಲ್ಲಿಗೆ ಶಕ್ತಿ ಮುಗಿದಿರುತ್ತದೆ. ಮನೆಯಲ್ಲಿ ಆ ಮೂರು ಗಂಟೆ ಸಿಗದಿದ್ದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಮನೆಯ ಹೊರಗೆ ಹೋದವರನ್ನು ಯಾರೂ ಕಾಫಿ ಮಾಡಲು ಕರೆಯುವುದಿಲ್ಲ. ಗಂಡಸರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಓದುತ್ತಿರುವವರು ಕೇಳುವ ಮೊದಲೇ ಆ ಹೊತ್ತು ಬಿಟ್ಟುಕೊಡಿ.

ಆಫೀಸಿನಲ್ಲಿ ಪರೀಕ್ಷೆಯ ರಜೆಗೆ ಎರಡು ತಿಂಗಳು ಮುಂಚೆ ಬರೆದು ಕೊಡಿ. ಬಹಳ ಜನರಿಗೆ ಹೇಳುವ ಅಗತ್ಯವಿಲ್ಲ.

ಜೊತೆಗೆ ಓದುವವರು ಮೂರು ಜನ ಇದ್ದರೆ ಸಾಕು. ನೂರಾರು ಜನರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಿಡಿಎಫ್ ಬಂದು ಬೀಳುತ್ತಲೇ ಇರುತ್ತದೆ, ಓದು ಮುಂದೆ ಹೋಗುವುದಿಲ್ಲ. ಮೂರು ಜನ ಸೇರಿ ವಾರಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಘಟಕವನ್ನು ಕನ್ನಡದಲ್ಲಿ ಹೇಳಿ. ಹೇಳಲು ತಡವರಿಸಿದ ಜಾಗವೇ ನಿಮಗೆ ಅರ್ಥವಾಗದ ಜಾಗ.

7. ಪರೀಕ್ಷೆಗೆ ಕೈಯನ್ನೂ ತಯಾರು ಮಾಡಿ

ಹತ್ತು ವರ್ಷ ಕೀಲಿಮಣೆ ಒತ್ತಿದವರಿಗೆ ಮೂರು ಗಂಟೆ ಪೆನ್ನು ಹಿಡಿಯುವುದೇ ದೊಡ್ಡ ಪರೀಕ್ಷೆ. ಎಲ್ಲ ಓದಿಕೊಂಡು ಹೋಗಿ, ಮೂರನೇ ಉತ್ತರಕ್ಕೆ ಬೆರಳು ಸೆಳೆತ ಬಂದು, ಐದನೆಯದನ್ನು ಅರ್ಧಕ್ಕೆ ಬಿಟ್ಟು ಬಂದವರು ಬಹಳ ಜನ.

ಇಗ್ನೋದ ಎಷ್ಟೋ ಎಂ.ಎ. ಪತ್ರಿಕೆಗಳಲ್ಲಿ 20 ಅಂಕದ ಐದು ಪ್ರಶ್ನೆ, ಒಂದೊಂದಕ್ಕೂ ಸುಮಾರು 500 ಪದ. 180 ನಿಮಿಷದಲ್ಲಿ ಓದಿ ಆರಿಸಲು 10 ನಿಮಿಷ ಹೋದರೆ ಒಂದು ಉತ್ತರಕ್ಕೆ 34 ನಿಮಿಷ. ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ ವಾರಕ್ಕೆ ಎರಡು ಉತ್ತರ, ಗಡಿಯಾರ ಇಟ್ಟು, ಪುಸ್ತಕ ಮುಚ್ಚಿ ಬರೆಯಿರಿ. ಕೊನೆಯ ಮೂರು ಭಾನುವಾರ ಪೂರ್ತಿ ಪತ್ರಿಕೆ ಬರೆಯಿರಿ. ಹಳೆಯ ಪ್ರಶ್ನೆಪತ್ರಿಕೆಗಳು ಇಗ್ನೋ ಜಾಲತಾಣದಲ್ಲೇ ಸಿಗುತ್ತವೆ.

ಕೆಲವು ವಿಶ್ವವಿದ್ಯಾಲಯಗಳು ಮನೆಯಿಂದಲೇ ಬರೆಯುವ ಪರೀಕ್ಷೆ ನಡೆಸುತ್ತವೆ. ಪ್ರಾಕ್ಟರಿಂಗ್ ಎಂಬ ಪದ ಕಂಡರೆ ಅರ್ಥ ಇಷ್ಟೇ: ನಿಮ್ಮ ಕ್ಯಾಮೆರಾ, ಮೈಕು ಎರಡೂ ಆನ್ ಇರುತ್ತವೆ, ಆ ಕಡೆಯಿಂದ ಕಾವಲು ಇರುತ್ತದೆ. ಮಗು ಒಳಗೆ ಬಂದರೂ, ಪಕ್ಕದ ಕೋಣೆಯ ಟಿವಿ ಕೇಳಿದರೂ ಎಚ್ಚರಿಕೆ ಬರಬಹುದು. ಕರೆಂಟು ಹೋಗುವ ಊರಿನಲ್ಲಿದ್ದರೆ ಆ ದಿನಕ್ಕೆ ಪೇಟೆಯ ನೆಂಟರ ಮನೆ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ಗೆ ಫೋನಿನಿಂದ ಇಂಟರ್ನೆಟ್ ಕೊಡುವುದನ್ನು ಎರಡು ದಿನ ಮುಂಚೆಯೇ ಮಾಡಿ ನೋಡಿ. ದುಬೈ, ಮಸ್ಕತ್ ಕಡೆ ಕೆಲಸ ಮಾಡುವ ನಮ್ಮವರು ಪರೀಕ್ಷೆ ಎಲ್ಲಿ, ಹೇಗೆ ಎಂಬುದನ್ನು ಸೇರುವ ಮೊದಲೇ ಕೇಳಬೇಕು. ಪರೀಕ್ಷೆಗೆಂದು ಊರಿಗೆ ಬರಬೇಕಾದರೆ ಅದರ ಖರ್ಚು ಫೀಸಿಗಿಂತ ಜಾಸ್ತಿ ಆಗುತ್ತದೆ.

8. ನಡುವೆ ನಿಂತುಹೋಗಿದ್ದರೆ

ಹೆರಿಗೆ, ವರ್ಗಾವಣೆ, ಮನೆಯಲ್ಲಿ ಕಾಯಿಲೆ. ನಿಲ್ಲಲು ಕಾರಣ ಬೇಕಾದಷ್ಟು. ಮೊದಲು ನಿಮ್ಮ ಗರಿಷ್ಠ ಅವಧಿ ಇನ್ನೂ ಉಳಿದಿದೆಯಾ ನೋಡಿ. ಉಳಿದಿದ್ದರೆ ಮುಂದಿನ ಪರೀಕ್ಷೆಗೆ ಒಂದೇ ಒಂದು ಪತ್ರಿಕೆ ತುಂಬಿ. ಬಾಕಿ ಇರುವ ಆರನ್ನೂ ಒಟ್ಟಿಗೆ ತುಂಬಬೇಡಿ. ಒಂದು ಪಾಸಾದರೆ ಸಿಗುವ ಧೈರ್ಯ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಅವಧಿ ಮುಗಿದಿದ್ದರೆ ಇಗ್ನೋದಲ್ಲಿ ರೀ-ಅಡ್ಮಿಷನ್ ಎಂಬ ದಾರಿ ಇದೆ. ಪಾಸಾದ ಪತ್ರಿಕೆಗಳನ್ನು ಉಳಿಸಿಕೊಂಡು, ಬಾಕಿಯವಕ್ಕೆ ಲೆಕ್ಕ ಹಾಕಿ ಫೀಸು ಕಟ್ಟಿ ಮುಂದುವರಿಯಬಹುದು. ಪ್ರಾದೇಶಿಕ ಕೇಂದ್ರಕ್ಕೆ ಎನ್‌ರೋಲ್‌ಮೆಂಟ್ ನಂಬರ್ ಹಿಡಿದು ಹೋಗಿ ಕೇಳಿ.

ಪ್ರಾಜೆಕ್ಟ್ ಇರುವ ಕೋರ್ಸಿನವರು ಗಮನಿಸಿ. ಎಲ್ಲ ಪತ್ರಿಕೆ ಪಾಸಾಗಿ ಪ್ರಾಜೆಕ್ಟ್ ಒಂದರಿಂದಲೇ ವರ್ಷಗಟ್ಟಲೆ ನಿಂತವರಿದ್ದಾರೆ. ಮಾರ್ಗದರ್ಶಕರನ್ನು ಹುಡುಕುವುದಕ್ಕೇ ಎರಡು ತಿಂಗಳು ಹೋಗುತ್ತದೆ, ಅವರಿಗೆ ಇರಬೇಕಾದ ಅರ್ಹತೆ ಕೈಪಿಡಿಯಲ್ಲಿ ಬರೆದಿರುತ್ತದೆ. ಕೊನೆಯ ವರ್ಷದ ಮೊದಲ ತಿಂಗಳಲ್ಲೇ ಶುರು ಮಾಡಿ. ನೀವು ದಿನಾ ಮಾಡುವ ಕೆಲಸದಿಂದಲೇ ವಿಷಯ ಆರಿಸಿಕೊಂಡರೆ ಮಾಹಿತಿಗೆ ಅಲೆಯಬೇಕಿಲ್ಲ.

ಕೊನೆಯದಾಗಿ ಆ ರಶೀದಿಯ ವಿಷಯ. ಗ್ರೇಡ್ ಕಾರ್ಡ್ ಅಂದರೆ ನಿಮ್ಮ ಅಂಕಗಳ ಪಟ್ಟಿ, ಜಾಲತಾಣದಲ್ಲಿ ಇರುತ್ತದೆ. ಫಲಿತಾಂಶ ಬಂದ ಮೇಲೆ ಪ್ರತಿ ಸಾಲನ್ನೂ ನೋಡಿ. ಅಸೈನ್‌ಮೆಂಟ್ ಅಂಕ ಏರದೇ ‘ಪೂರ್ಣವಾಗಿಲ್ಲ’ ಎಂದೇ ಉಳಿದಿರುವುದು ಅಪರೂಪವಲ್ಲ. ಆಗ ಕೇಂದ್ರದವರು ಕೇಳುವುದು ರಶೀದಿ ಮತ್ತು ಸ್ಕ್ಯಾನ್ ಪ್ರತಿ. ಎಲ್ಲ ಸರಿಯಾಗಿದ್ದರೆ ಮೊದಲು ತಾತ್ಕಾಲಿಕ ಸರ್ಟಿಫಿಕೇಟ್, ಘಟಿಕೋತ್ಸವದ ಹೊತ್ತಿಗೆ ಮೂಲ ಸರ್ಟಿಫಿಕೇಟ್ ಬರುತ್ತದೆ. ಮೂಲ ಪ್ರತಿ ಕೈಗೆ ಬಂದು, ಹೆಸರಿನ ಅಕ್ಷರಗಳನ್ನು ತಾಳೆ ನೋಡುವ ತನಕ ಆ ರಶೀದಿಗಳ ಫೈಲನ್ನು ಎಸೆಯಬೇಡಿ.